ಅಪಧಮನಿ ಗೋಡೆಯೊಳಗೆ ಕಾಯಿಲೆ ಬೆಳೆಯುವುದು ಹೇಗೆ? ಅಣುಗಳ ಮಟ್ಟದಲ್ಲಿ ಯಾರಾದರೂ ಬಿಡಿಸಿ ಹೇಳುತ್ತೀರಾ

ಬೆಳಗುಗಣ್ಣು ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಹೃದಯದ ರಕ್ತನಾಳದಲ್ಲಿ ಬ್ಲಾಕ್ ಆಗುವುದನ್ನು ಎಲ್ಲ ಕಡೆ ಒಂದೇ ಥರ ವಿವರಿಸುತ್ತಾರೆ. ನೀರಿನ ಪೈಪಿನಲ್ಲಿ ಪಾಚಿ ಕಟ್ಟುವ ಹಾಗೆ ಕೊಲೆಸ್ಟ್ರಾಲ್ ಕಟ್ಟುತ್ತಾ ಹೋಗುತ್ತದೆ, ಒಂದು ದಿನ ಪೂರ್ತಿ ಮುಚ್ಚಿಕೊಳ್ಳುತ್ತದೆ, ಹಾರ್ಟ್ ಅಟ್ಯಾಕ್ ಆಗುತ್ತದೆ, ಅಷ್ಟೇ. ಓದುತ್ತಾ ಹೋದಷ್ಟೂ ಈ ಚಿತ್ರ ನನಗೆ ಒಪ್ಪಿಗೆಯಾಗುತ್ತಿಲ್ಲ. ಮೈಯಲ್ಲೆಲ್ಲ ಹರಿಯುವುದು ಒಂದೇ ರಕ್ತ, ಅದರಲ್ಲಿರುವುದೂ ಅದೇ ಕೊಲೆಸ್ಟ್ರಾಲ್. ಹಾಗಿದ್ದರೆ ಕಾಯಿಲೆ ಕೆಲವು ಜಾಗಗಳಲ್ಲಿ ಮಾತ್ರ ಯಾಕೆ ಬರುತ್ತದೆ? ಅಪಧಮನಿಗೆ ಬರುವುದು ಸಿರೆಗೂ ಬರಬೇಕಲ್ವಾ? ಆಮೇಲೆ, ಆ ಕೊಬ್ಬನ್ನು ತೆಗೆಯೋಕೆ ಬಿಳಿ ರಕ್ತಕಣಗಳು ಬರುತ್ತವೆ ಅಂತಾರೆ, ಅವು ಬಂದ ಮೇಲೆ ಕಾಯಿಲೆ ಕಡಿಮೆಯಾಗಬೇಕಿತ್ತು, ಜಾಸ್ತಿ ಯಾಕಾಗುತ್ತದೆ?

ಎಲ್ಲಕ್ಕಿಂತ ನನ್ನನ್ನು ಕಾಡುವುದು ಇದು. 70% ಬ್ಲಾಕ್ ಇದ್ದವರು ವರ್ಷಗಟ್ಟಲೆ ಓಡಾಡಿಕೊಂಡಿರುತ್ತಾರೆ. ಇನ್ನೊಬ್ಬರಿಗೆ ಅರ್ಧ ಕೂಡ ಮುಚ್ಚಿರುವುದಿಲ್ಲ, ಏಕಾಏಕಿ ಅಟ್ಯಾಕ್ ಆಗುತ್ತದೆ. ಪೈಪಿನ ಲೆಕ್ಕದಲ್ಲಿ ಇದಕ್ಕೆ ಉತ್ತರವೇ ಇಲ್ಲ.

ಇಲಿಗಳ ಮೇಲಿನ ಪ್ರಯೋಗ ತುಂಬ ಓದಿದ್ದೇನೆ. ಆದಷ್ಟು ಮನುಷ್ಯರಲ್ಲಿ ಕಂಡಿದ್ದನ್ನು ಹೇಳಿದರೆ ಉಪಕಾರವಾಗುತ್ತದೆ.

ನಾರುಬೇರು

ಒಳ್ಳೆಯ ಪ್ರಶ್ನೆ. ಪೈಪಿನ ಚಿತ್ರವನ್ನು ಬಿಟ್ಟುಬಿಡಿ, ಅದರಿಂದ ಮುಂದಿನ ಎಲ್ಲವೂ ತಪ್ಪಾಗಿ ಅರ್ಥವಾಗುತ್ತದೆ. ಈ ಕಾಯಿಲೆ ನಾಳದ ಒಳಮೈ ಮೇಲೆ ಕಟ್ಟುವುದಿಲ್ಲ. ಗೋಡೆಯ ಒಳಗೆ ಬೆಳೆಯುತ್ತದೆ. ರಕ್ತಕ್ಕೆ ತಾಗುವ ಎಂಡೋಥೀಲಿಯಮ್ ಅನ್ನುವ ಒಂದೇ ಸಾಲಿನ ಕೋಶಗಳ ಪದರ ಶುರುವಿನಲ್ಲಿ ಎಲ್ಲೂ ಹರಿದಿರುವುದಿಲ್ಲ. ಅದರ ಕೆಳಗಿರುವ ಇಂಟಿಮಾ ಅನ್ನುವ ಪದರದಲ್ಲಿ ಎಲ್ಲ ನಡೆಯುತ್ತದೆ.

ಮೊದಲು ಜಾಗದ ಪ್ರಶ್ನೆ. ನೇರ ನಾಳದಲ್ಲಿ ರಕ್ತ ಒಂದೇ ದಿಕ್ಕಿಗೆ, ಒಂದೇ ಸಮನೆ ಉಜ್ಜಿಕೊಂಡು ಹೋಗುತ್ತದೆ. ಆ ಉಜ್ಜುವ ಬಲವನ್ನು ಎಂಡೋಥೀಲಿಯಮ್ ಕೋಶ ಗುರುತಿಸುತ್ತದೆ. ಗುರುತಿಸಿ ಕೆಎಲ್‌ಎಫ್2, ಕೆಎಲ್‌ಎಫ್4 ಅನ್ನುವ ಎರಡು ಜೀನ್‌ಗಳನ್ನು ಚುರುಕಾಗಿಡುತ್ತದೆ. ಅವು ಚುರುಕಾಗಿದ್ದರೆ ನೈಟ್ರಿಕ್ ಆಕ್ಸೈಡ್ ಚೆನ್ನಾಗಿ ತಯಾರಾಗುತ್ತದೆ, ಉರಿಯೂತದ ಜೀನ್‌ಗಳು ತಣ್ಣಗಿರುತ್ತವೆ. ನಾಳ ಕವಲೊಡೆಯುವ ಕಡೆ, ತಿರುವಿನ ಒಳಬದಿಯಲ್ಲಿ ಹರಿವು ಹಾಗಿರುವುದಿಲ್ಲ. ಅಲ್ಲಿ ರಕ್ತ ನಿಧಾನವಾಗುತ್ತದೆ, ಹಿಂದಕ್ಕೂ ಮುಂದಕ್ಕೂ ಹೊಯ್ದಾಡುತ್ತದೆ. ಕೆಎಲ್‌ಎಫ್2 ಇಳಿಯುತ್ತದೆ, ಎನ್‌ಎಫ್-ಕಪ್ಪಾ-ಬಿ ಅನ್ನುವ ಉರಿಯೂತದ ಸ್ವಿಚ್ ಅರ್ಧ ಒತ್ತಿಕೊಂಡೇ ಇರುತ್ತದೆ. ಅದಕ್ಕೇ ಕುತ್ತಿಗೆಯ ಕ್ಯಾರೋಟಿಡ್ ಎರಡಾಗುವ ಜಾಗ, ಹೃದಯದ ಎಡ ಅಪಧಮನಿಯ ಮೊದಲ ಭಾಗ, ಹೊಟ್ಟೆಯ ಮಹಾಪಧಮನಿಯ ಕೆಳಭಾಗ, ಇವೇ ಜಾಗಗಳಲ್ಲಿ ಮತ್ತೆ ಮತ್ತೆ ಕಾಯಿಲೆ ಸಿಗುತ್ತದೆ. ಎದೆಮೂಳೆಯ ಪಕ್ಕ ಇಳಿಯುವ ಮ್ಯಾಮರಿ ಅಪಧಮನಿಯಲ್ಲಿ ಅದೇ ರಕ್ತ ಹರಿಯುತ್ತದೆ, ಅಲ್ಲಿ ಈ ಕಾಯಿಲೆ ತೀರಾ ಅಪರೂಪ. ಬೈಪಾಸ್ ಆಪರೇಷನ್ನಿಗೆ ಸರ್ಜನ್‌ಗಳು ಅದನ್ನೇ ಆರಿಸುವುದಕ್ಕೆ ಇದು ಒಂದು ಕಾರಣ.

ಇನ್ನು ಸಿರೆಗಳ ವಿಷಯ. ಸಿರೆಯಲ್ಲಿ ಒತ್ತಡ ತುಂಬ ಕಡಿಮೆ, ಹಾಗಾಗಿ ಅಲ್ಲಿದ್ದಾಗ ಈ ಕಾಯಿಲೆ ಬರುವುದಿಲ್ಲ. ಅದೇ ಸಿರೆಯನ್ನು ಕಾಲಿನಿಂದ ತೆಗೆದು ಹೃದಯಕ್ಕೆ ಬೈಪಾಸ್ ಆಗಿ ಹೊಲಿದರೆ ಕೆಲವು ವರ್ಷಗಳಲ್ಲಿ ಅದಕ್ಕೂ ಬರುತ್ತದೆ.

ಈಗ ಎಲ್‌ಡಿಎಲ್ ಕಣ, ಅಂದರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತೊಯ್ಯುವ ಕಣ. ಇದರ ಅಡ್ಡಳತೆ 20ರಿಂದ 25 ನ್ಯಾನೋಮೀಟರ್ ಅಷ್ಟೇ. ಎಂಡೋಥೀಲಿಯಮ್ ಕೋಶ ಇದನ್ನು ಒಂದು ಬದಿಯಲ್ಲಿ ಒಳಗೆ ತೆಗೆದುಕೊಂಡು ಇನ್ನೊಂದು ಬದಿಯಲ್ಲಿ ಹೊರಗೆ ಬಿಡುತ್ತದೆ. ಅಂದರೆ ಕಣಗಳು ಗೋಡೆಯೊಳಗೆ ಹೋಗುತ್ತಾ ಬರುತ್ತಾ ಇರುವುದು ಎಲ್ಲರಲ್ಲೂ, ಎಲ್ಲ ವಯಸ್ಸಿನಲ್ಲೂ ನಡೆಯುವ ಕೆಲಸ. ಒಳಗೆ ಹೋಗುವುದರಿಂದ ಕಾಯಿಲೆ ಬರುವುದಿಲ್ಲ, ಒಳಗೆ ಸಿಕ್ಕಿಕೊಂಡರೆ ಬರುತ್ತದೆ. ಈ ಒಂದು ಮಾತು ಹಿಡಿದರೆ ಉಳಿದದ್ದು ಸುಲಭ.

ಸಿಕ್ಕಿಕೊಳ್ಳುವುದು ಹೇಗೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಪ್ರತಿ ಎಲ್‌ಡಿಎಲ್ ಕಣದ ಸುತ್ತ ಅಪೋ-ಬಿ100 ಅನ್ನುವ ಒಂದೇ ಒಂದು ದೊಡ್ಡ ಪ್ರೋಟೀನ್ ಸುತ್ತಿಕೊಂಡಿರುತ್ತದೆ. 4,536 ಅಮೈನೋ ಆಮ್ಲಗಳ ಸರಪಳಿ. ಅದರಲ್ಲಿ ಕೆಲವು ಕಡೆ ಲೈಸಿನ್, ಆರ್ಜಿನಿನ್ ಗುಂಪಾಗಿ ಕೂತಿವೆ, ಇವೆರಡಕ್ಕೂ ಧನ ವಿದ್ಯುದಂಶ ಇದೆ. ಇಂಟಿಮಾದಲ್ಲಿ ಬಿಗ್ಲಿಕ್ಯಾನ್, ವರ್ಸಿಕ್ಯಾನ್ ಥರದ ಪ್ರೋಟಿಯೋಗ್ಲೈಕ್ಯಾನ್‌ಗಳಿವೆ. ಇವುಗಳ ಸಕ್ಕರೆ ಸರಪಳಿಗಳ ಮೇಲೆ ಸಲ್ಫೇಟ್ ಇರುವುದರಿಂದ ಋಣ ವಿದ್ಯುದಂಶ. ಎರಡೂ ಎದುರುಬದುರಾದರೆ ಅಂಟಿಕೊಳ್ಳುತ್ತವೆ. ಇದನ್ನು 'ಉಳಿಕೆಗೆ ಪ್ರತಿಕ್ರಿಯೆ' ಸಿದ್ಧಾಂತ ಅಂತ 1995ರಲ್ಲಿ ವಿಲಿಯಮ್ಸ್ ಮತ್ತು ತಬಾಸ್ ಮುಂದಿಟ್ಟರು. ಇಲಿ ಬೇಡ ಅಂದಿದ್ದೀರಿ, ಆದರೂ ಒಂದೇ ಒಂದನ್ನು ಹೇಳಲೇಬೇಕು. 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಪೋ-ಬಿಯ ಆ ಅಂಟುವ ಜಾಗವನ್ನು ಮಾತ್ರ ಬದಲಾಯಿಸಿದ ಇಲಿಗಳನ್ನು ಮಾಡಿದರು. ರಕ್ತದಲ್ಲಿ ಕೊಲೆಸ್ಟ್ರಾಲ್ ಅಷ್ಟೇ ಇದ್ದರೂ ಕಾಯಿಲೆ ಬಹಳ ಕಡಿಮೆಯಾಯಿತು.

ಮನುಷ್ಯರಲ್ಲಿ ಇದಕ್ಕೆ ಹೊಂದುವ ಸಾಕ್ಷಿ ಶವಪರೀಕ್ಷೆಗಳಿಂದ ಬಂದಿದೆ. ನಮ್ಮ ಹೃದಯದ ಅಪಧಮನಿಗಳಲ್ಲಿ ಹಸುಗೂಸಿನ ವಯಸ್ಸಿನಿಂದಲೇ ಇಂಟಿಮಾ ಕೆಲವು ಕಡೆ ದಪ್ಪ ಇರುತ್ತದೆ. ಅದು ಕಾಯಿಲೆ ಅಲ್ಲ, ರಚನೆಯೇ ಹಾಗೆ. ಆ ದಪ್ಪ ಪದರದ ಆಳದಲ್ಲಿ, ಬಿಗ್ಲಿಕ್ಯಾನ್ ಇರುವ ಜಾಗದಲ್ಲೇ ಮೊದಲ ಕೊಬ್ಬು ಕಾಣಿಸಿಕೊಳ್ಳುತ್ತದೆ. ಮ್ಯಾಕ್ರೋಫೇಜ್‌ಗಳು, ಅಂದರೆ ಕಸ ನುಂಗುವ ಬಿಳಿ ರಕ್ತಕಣಗಳು, ಬರುವುದು ಆಮೇಲೆ. ಇಲಿಗಳಿಗೆ ಈ ಪದರವೇ ಇಲ್ಲ, ಆದ್ದರಿಂದ ಇಲಿ ಪ್ರಯೋಗಗಳ ಬಗ್ಗೆ ನಿಮಗಿರುವ ಅನುಮಾನ ಸರಿಯಾಗಿಯೇ ಇದೆ.

ಬೆಳಗುಗಣ್ಣು

ತುಂಬ ಧನ್ಯವಾದ. 'ಹೋಗುವುದರಿಂದಲ್ಲ, ಸಿಕ್ಕಿಕೊಂಡರೆ' ಅನ್ನುವುದು ಎಲ್ಲೂ ಇಷ್ಟು ಸ್ಪಷ್ಟವಾಗಿ ಸಿಕ್ಕಿರಲಿಲ್ಲ. ಹಾಗಾದರೆ ಸಿಕ್ಕಿಕೊಂಡ ಮೇಲೆ? ಮ್ಯಾಕ್ರೋಫೇಜ್ ಬಂದು ತಿಂದರೆ ಮುಗಿಯಬೇಕಲ್ವಾ? ಕೋಶಕ್ಕೆ ಕೊಲೆಸ್ಟ್ರಾಲ್ ಸಾಕಾದರೆ ಎಲ್‌ಡಿಎಲ್ ರಿಸೆಪ್ಟರ್ (ಆ ಕಣವನ್ನು ಒಳಗೆ ತೆಗೆದುಕೊಳ್ಳುವ ಬಾಗಿಲು) ತಾನಾಗಿಯೇ ಕಡಿಮೆಯಾಗುತ್ತದೆ ಅಂತ ಓದಿದ್ದೇನೆ. ಮ್ಯಾಕ್ರೋಫೇಜ್ ಹೊಟ್ಟೆ ಬಿರಿಯುವಷ್ಟು ತುಂಬಿಕೊಳ್ಳುವುದು ಹೇಗೆ?

ನಾರುಬೇರು

ಸರಿಯಾದ ಜಾಗಕ್ಕೇ ಬಂದಿರಿ. ಇದೇ ಪ್ರಶ್ನೆ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೂ ಬಂದಿತ್ತು. ಎಲ್‌ಡಿಎಲ್ ರಿಸೆಪ್ಟರ್ ಕಂಡುಹಿಡಿದು 1985ರಲ್ಲಿ ನೊಬೆಲ್ ಪಡೆದವರು ಅವರೇ. ಸಹಜ ಎಲ್‌ಡಿಎಲ್ ಕೊಟ್ಟರೆ ಮ್ಯಾಕ್ರೋಫೇಜ್ ಹೆಚ್ಚು ತೆಗೆದುಕೊಳ್ಳುವುದೇ ಇಲ್ಲ. 1979ರಲ್ಲಿ ಅವರು ಎಲ್‌ಡಿಎಲ್ ಕಣವನ್ನು ರಾಸಾಯನಿಕವಾಗಿ ಸ್ವಲ್ಪ ಬದಲಿಸಿ, ಅಸಿಟೈಲ್ ಗುಂಪು ಸೇರಿಸಿ ಕೊಟ್ಟಾಗ ಮ್ಯಾಕ್ರೋಫೇಜ್ ಅದನ್ನು ಬಾಚಿಕೊಂಡು ತುಂಬಿಕೊಂಡಿತು. ಬೇರೆಯೇ ಬಾಗಿಲಿನಿಂದ. ಅದೇ ಸ್ಕ್ಯಾವೆಂಜರ್ ರಿಸೆಪ್ಟರ್. ಎಸ್‌ಆರ್-ಎ, ಸಿಡಿ36 ಮುಖ್ಯವಾದವು. ಒಳಗೆ ಕೊಲೆಸ್ಟ್ರಾಲ್ ಎಷ್ಟೇ ಜಾಸ್ತಿಯಾದರೂ ಈ ಬಾಗಿಲುಗಳು ಮುಚ್ಚುವುದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಗೋಡೆಯಲ್ಲಿ ಸಿಕ್ಕಿಕೊಂಡ ಎಲ್‌ಡಿಎಲ್ ಹಾಗೇ ಉಳಿಯುವುದಿಲ್ಲ. ಮೈಲೋಪೆರಾಕ್ಸಿಡೇಸ್, ಲೈಪಾಕ್ಸಿಜಿನೇಸ್ ಥರದ ಕಿಣ್ವಗಳಿಂದ ಆಕ್ಸಿಡೈಸ್ ಆಗುತ್ತದೆ, ಸ್ಫಿಂಗೋಮೈಲಿನೇಸ್ ಕಣಗಳನ್ನು ಒಂದಕ್ಕೊಂದು ಅಂಟಿಸಿ ಮುದ್ದೆ ಮಾಡುತ್ತದೆ. ಈ ಬದಲಾದ ಕೊಬ್ಬು ಮೇಲಿನ ಎಂಡೋಥೀಲಿಯಮ್ ಕೋಶಗಳನ್ನು ಕೆರಳಿಸುತ್ತದೆ. ಆ ಕೋಶಗಳು ತಮ್ಮ ಮೇಲ್ಮೈಗೆ ವಿಸಿಎಎಮ್-1 ಅನ್ನುವ ಅಂಟು ಪ್ರೋಟೀನನ್ನು ತರುತ್ತವೆ. ರಕ್ತದಲ್ಲಿ ಸುಮ್ನೆ ಹೋಗುತ್ತಿದ್ದ ಮಾನೋಸೈಟ್ ಅನ್ನುವ ಬಿಳಿ ರಕ್ತಕಣ ಅದಕ್ಕೆ ತಗುಲಿಕೊಳ್ಳುತ್ತದೆ. ಸಿಸಿಎಲ್2 ಅನ್ನುವ ಸಂಕೇತ ಅದನ್ನು ಗೋಡೆಯೊಳಗೆ ಕರೆಯುತ್ತದೆ. ಒಳಗೆ ಹೋದದ್ದು ಮ್ಯಾಕ್ರೋಫೇಜ್ ಆಗುತ್ತದೆ, ತಿನ್ನುತ್ತದೆ, ಕೊಬ್ಬು ತುಂಬಿದ ನೊರೆಕೋಶ ಆಗುತ್ತದೆ.

ಮ್ಯಾಕ್ರೋಫೇಜಿಗೆ ಹೊರಹಾಕುವ ದಾರಿ ಇಲ್ಲ ಅಂತಲ್ಲ. ಎಬಿಸಿಎ1, ಎಬಿಸಿಜಿ1 ಅನ್ನುವ ಪಂಪುಗಳಿವೆ, ಅವು ಕೊಲೆಸ್ಟ್ರಾಲನ್ನು ಎಚ್‌ಡಿಎಲ್‌ಗೆ, ಅಂದರೆ ಅದನ್ನು ವಾಪಸ್ ಒಯ್ಯುವ ಕಣಕ್ಕೆ, ದಾಟಿಸುತ್ತವೆ. ಬರುವುದು ಹೋಗುವುದಕ್ಕಿಂತ ಜಾಸ್ತಿ ಇದ್ದಾಗ ಒಳಗೆ ಕೊಲೆಸ್ಟ್ರಾಲ್ ಹರಳುಗಟ್ಟುತ್ತದೆ. ಇಲ್ಲಿಂದ ಕಥೆ ಬಿರುಸಾಗುತ್ತದೆ. ಚೂಪಾದ ಹರಳು ಕೋಶದೊಳಗಿನ ಲೈಸೊಸೋಮ್ ಅನ್ನುವ ಜೀರ್ಣಚೀಲವನ್ನು ಒಡೆಯುತ್ತದೆ, ಎನ್‌ಎಲ್‌ಆರ್‌ಪಿ3 ಇನ್‌ಫ್ಲಮೇಸೋಮ್ ಅನ್ನುವ, ಉರಿಯೂತ ಹೊತ್ತಿಸುವ ಪ್ರೋಟೀನ್ ಗುಂಪು ಎಚ್ಚೆತ್ತುಕೊಳ್ಳುತ್ತದೆ. ಅದು ಕ್ಯಾಸ್ಪೇಸ್-1 ಕಿಣ್ವವನ್ನು ಚುರುಕುಗೊಳಿಸುತ್ತದೆ, ಕ್ಯಾಸ್ಪೇಸ್-1 ಕತ್ತರಿಸಿದಾಗ ಇಂಟರ್‌ಲ್ಯೂಕಿನ್-1 ಬೀಟಾ ಅನ್ನುವ ಉರಿಯೂತದ ಸಂಕೇತ ಹೊರಬರುತ್ತದೆ. ಈ ಹರಳಿನ ಕೊಂಡಿ 2010ರಲ್ಲಿ ಪಕ್ಕಾ ಆಯಿತು. ಇಂಟರ್‌ಲ್ಯೂಕಿನ್-1 ಬೀಟಾ ಇಂಟರ್‌ಲ್ಯೂಕಿನ್-6 ಅನ್ನು ಏರಿಸುತ್ತದೆ, ಅದು ಯಕೃತ್ತಿಗೆ ಹೋಗಿ ಸಿಆರ್‌ಪಿ ಅನ್ನುವ ಪ್ರೋಟೀನನ್ನು ಏರಿಸುತ್ತದೆ. ರಕ್ತಪರೀಕ್ಷೆಯಲ್ಲಿ ಹೈ-ಸೆನ್ಸಿಟಿವಿಟಿ ಸಿಆರ್‌ಪಿ ಅಂತ ನೋಡುವುದು ಈ ಸರಪಳಿಯ ಕೊನೆಯ ಕೊಂಡಿಯನ್ನು.

ಇದೆಲ್ಲದರ ನಡುವೆ ಮ್ಯಾಕ್ರೋಫೇಜ್‌ಗಳು ಸಾಯುತ್ತವೆ. ಸಾಯುವುದು ಸಹಜ, ದೇಹದಲ್ಲಿ ಪ್ರತಿದಿನ ಕೋಟಿಗಟ್ಟಲೆ ಕೋಶ ಸಾಯುತ್ತವೆ, ಪಕ್ಕದ ಕೋಶ ತಕ್ಷಣ ನುಂಗಿ ಮುಗಿಸುತ್ತದೆ. ಪ್ಲಾಕ್‌ನಲ್ಲಿ, ಅಂದರೆ ಗೋಡೆಯೊಳಗೆ ಬೆಳೆದ ಈ ಗಂಟಿನಲ್ಲಿ, ಈ ಕೆಲಸವೇ ನಿಂತುಹೋಗುತ್ತದೆ. ಸತ್ತ ಕೋಶವನ್ನು ಗುರುತಿಸುವ ಮೆರ್‌ಟಿಕೆ ಅನ್ನುವ ರಿಸೆಪ್ಟರ್ ತುಂಡಾಗಿ ಕಳಚಿಕೊಳ್ಳುತ್ತದೆ. ಸಿಡಿ47 ಅನ್ನುವ 'ನನ್ನನ್ನು ತಿನ್ನಬೇಡ' ಸಂಕೇತ ಸಾಯುತ್ತಿರುವ ಕೋಶದ ಮೇಲೂ ಉಳಿದುಬಿಡುತ್ತದೆ. ಮನುಷ್ಯರ ಪ್ಲಾಕನ್ನು ಟಾನ್ಸಿಲ್ ಜೊತೆ ಇಟ್ಟು ಹೋಲಿಸಿದವರಿಗೆ, ಟಾನ್ಸಿಲ್‌ನಲ್ಲಿ ಸತ್ತ ಕೋಶಗಳು ಬಹುಪಾಲು ನುಂಗಲ್ಪಟ್ಟಿದ್ದವು, ಪ್ಲಾಕ್‌ನಲ್ಲಿ ಹಾಗೇ ಬಿದ್ದಿದ್ದವು. ಹಾಗೇ ಬಿದ್ದವು ಒಡೆದು ಒಳಗಿದ್ದ ಕೊಬ್ಬು, ಕಿಣ್ವ ಎಲ್ಲ ಚೆಲ್ಲಿಹೋಗುತ್ತದೆ. ಅದೇ ನೆಕ್ರೋಟಿಕ್ ಕೋರ್. ಬಿಳಿ ರಕ್ತಕಣ ಬಂದ ಮೇಲೂ ಕಾಯಿಲೆ ಯಾಕೆ ಜಾಸ್ತಿಯಾಗುತ್ತದೆ ಅಂದಿರಲ್ಲ, ಅವು ಮಾಡಬೇಕಾದ ಕೆಲಸ ಮುಗಿಸಲಾಗದೆ ಅಲ್ಲೇ ಸಾಯುವುದರಿಂದ.

ಸೂಕ್ಷ್ಮದರ್ಶಿ

ನಾನು ಪೆಥಾಲಜಿಯಲ್ಲಿದ್ದೇನೆ, 70% ಬ್ಲಾಕ್ ಮತ್ತು ಅರ್ಧವೂ ಮುಚ್ಚದ ಬ್ಲಾಕ್ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಈ ಪ್ರಶ್ನೆ ಜನರಿಗೆ ನಿಜವಾಗಿ ಅರ್ಥವಾಗಬೇಕು ಅನ್ನುವುದು ನನ್ನ ಆಸೆ.

ಮೊದಲಿಗೆ, ಪ್ಲಾಕ್ ಬೆಳೆದಾಗ ನಾಳ ಹೊರಮುಖವಾಗಿ ಹಿಗ್ಗುತ್ತದೆ. 1987ರಲ್ಲಿ ಗ್ಲಾಗೋವ್ ತಂಡ ಶವಪರೀಕ್ಷೆಯ ಹೃದಯಗಳಲ್ಲಿ ಇದನ್ನು ಅಳೆದು ತೋರಿಸಿತು. ನಾಳದ ಒಟ್ಟು ಜಾಗದಲ್ಲಿ ಸುಮಾರು 40% ಪ್ಲಾಕ್ ಆಗುವವರೆಗೂ ರಕ್ತ ಹರಿಯುವ ದಾರಿ ಕಿರಿದಾಗುವುದೇ ಇಲ್ಲ. ಆಂಜಿಯೋಗ್ರಾಮ್ ತೋರಿಸುವುದು ಆ ದಾರಿಯನ್ನು, ಗೋಡೆಯನ್ನಲ್ಲ. ಆದ್ದರಿಂದ 'ಚೂರೇ ಚೂರು ಬ್ಲಾಕ್' ಅಂತ ಬಂದ ಜಾಗದಲ್ಲಿ ದೊಡ್ಡ ಪ್ಲಾಕ್ ಇರಬಹುದು.

ಎರಡನೆಯದು ಮುಚ್ಚಳ. ನೆಕ್ರೋಟಿಕ್ ಕೋರ್ ಮತ್ತು ರಕ್ತದ ನಡುವೆ ಕೊಲಾಜನ್‌ನ ಒಂದು ಪದರ ಇರುತ್ತದೆ, ಫೈಬ್ರಸ್ ಕ್ಯಾಪ್. ಅಟ್ಯಾಕ್‌ನಿಂದ ಸತ್ತವರ ಒಡೆದ ಪ್ಲಾಕ್‌ಗಳಲ್ಲಿ ಈ ಮುಚ್ಚಳ ಅಳೆದಾಗ ಸರಾಸರಿ 23 ಮೈಕ್ರಾನ್ ಬಂತು, 95% ಮುಚ್ಚಳಗಳು 65 ಮೈಕ್ರಾನ್‌ಗಿಂತ ತೆಳ್ಳಗಿದ್ದವು. ಒಂದು ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಸಾವು ಬದುಕು ನಿಂತಿರುವುದು ಇದರ ಮೇಲೆ. 70% ಬ್ಲಾಕ್ ಮಾಡಿದ, ಆದರೆ ದಪ್ಪ ಕೊಲಾಜನ್ನಿನ ಪ್ಲಾಕ್ ಇದ್ದವರಿಗೆ ನಡೆದಾಗ ಎದೆ ನೋವು ಬರಬಹುದು, ಏಕಾಏಕಿ ಒಡೆಯುವ ಸಂಭವ ಕಡಿಮೆ. ಕಿರಿದು ಮಾಡದ, ತೆಳು ಮುಚ್ಚಳದ, ದೊಡ್ಡ ಕೋರ್ ಇರುವ ಪ್ಲಾಕ್ ಯಾವ ಸೂಚನೆಯೂ ಕೊಡದೆ ಒಡೆಯುತ್ತದೆ. ಒಡೆದ ತಕ್ಷಣ ಒಳಗಿನ ಟಿಶ್ಯೂ ಫ್ಯಾಕ್ಟರ್ ರಕ್ತಕ್ಕೆ ತಾಗುತ್ತದೆ, ಹೆಪ್ಪುಗಟ್ಟುತ್ತದೆ. ನಾಳ ಮುಚ್ಚುವುದು ಹೆಪ್ಪಿನಿಂದ, ಕೊಬ್ಬಿನಿಂದಲ್ಲ.

ಮುಚ್ಚಳ ತೆಳ್ಳಗಾಗುವುದು ಯಾಕೆ? ಕೊಲಾಜನ್ ಮಾಡುವವರು ನಯ ಸ್ನಾಯು ಕೋಶಗಳು. ಪ್ಲಾಕ್ ಒಳಗಿನ ಟಿ ಕೋಶಗಳು ಬಿಡುವ ಇಂಟರ್‌ಫೆರಾನ್-ಗ್ಯಾಮಾ ಅವುಗಳಿಗೆ ಕೊಲಾಜನ್ ಮಾಡಬೇಡ ಅನ್ನುತ್ತದೆ. ಮ್ಯಾಕ್ರೋಫೇಜ್‌ಗಳು ಬಿಡುವ ಎಂಎಂಪಿ ಕಿಣ್ವಗಳು ಇರುವ ಕೊಲಾಜನ್ನನ್ನು ಕತ್ತರಿಸುತ್ತವೆ. ತಯಾರಿ ಕಡಿಮೆ, ಹಾಳಾಗುವುದು ಜಾಸ್ತಿ. ಮುಚ್ಚಳದ ಅಂಚಿನಲ್ಲಿ, ಅದು ಸಹಜ ಗೋಡೆಗೆ ಸೇರುವ ಜಾಗದಲ್ಲಿ, ಮ್ಯಾಕ್ರೋಫೇಜ್‌ಗಳು ಗುಂಪುಗೂಡಿರುವುದನ್ನು ಸ್ಲೈಡಿನಲ್ಲಿ ನೋಡುತ್ತಲೇ ಇರುತ್ತೇವೆ. ಬಹಳ ಸಲ ಹರಿದಿರುವುದೂ ಅಲ್ಲೇ.

ನಯ ಸ್ನಾಯು ಕೋಶಗಳ ಬಗ್ಗೆ ಇನ್ನೊಂದು ಮಾತು, ಯಾಕೆಂದರೆ ಇವುಗಳನ್ನು ಎಲ್ಲರೂ ಮರೆತುಬಿಡುತ್ತಾರೆ. 1973ರಲ್ಲಿ ಬೆಂಡಿಟ್ ತಂದೆ-ಮಗ ಒಂದು ಚಂದದ ಕೆಲಸ ಮಾಡಿದರು. ಎಕ್ಸ್ ಕ್ರೋಮೋಸೋಮಿನ ಮೇಲಿರುವ ಜಿ6ಪಿಡಿ ಕಿಣ್ವದ ಎರಡು ಬಗೆಗಳನ್ನೂ ಹೊತ್ತ ಮಹಿಳೆಯರ ನಾಳಗಳನ್ನು ತೆಗೆದುಕೊಂಡರು. ಇಂಥವರ ಪ್ರತಿ ಕೋಶದಲ್ಲಿ ಎರಡರಲ್ಲಿ ಒಂದು ಬಗೆ ಮಾತ್ರ ಕೆಲಸ ಮಾಡುತ್ತದೆ. ಸಹಜ ಗೋಡೆಯಲ್ಲಿ ಎರಡೂ ಬೆರೆತಿದ್ದವು. ಅನೇಕ ಪ್ಲಾಕ್‌ಗಳಲ್ಲಿ ಒಂದೇ ಬಗೆ ಇತ್ತು. ಅಂದರೆ ಅಷ್ಟೂ ಕೋಶಗಳು ಒಂದು ಅಥವಾ ಕೆಲವೇ ತಾಯಿ ಕೋಶಗಳಿಂದ ಬಂದಿರಬೇಕು. ಈ ಕೋಶಗಳು ಪ್ಲಾಕ್ ಒಳಗೆ ತಮ್ಮ ಗುರುತನ್ನೇ ಬದಲಿಸುತ್ತವೆ. ಕೆಲವು ಕೊಲಾಜನ್ ಮಾಡಿ ಮುಚ್ಚಳ ಕಾಯುತ್ತವೆ, ಕೆಲವು ಕೊಬ್ಬು ನುಂಗಿ ನೊರೆಕೋಶ ಆಗುತ್ತವೆ, ಕೆಲವು ಆರ್‌ಯುಎನ್‌ಎಕ್ಸ್2 ಜೀನನ್ನು ಚುರುಕುಗೊಳಿಸಿ ಮೂಳೆ ಕೋಶದ ಥರ ಸುಣ್ಣ ಕೂಡಿಸುತ್ತವೆ. ಮನುಷ್ಯರ ಹೃದಯದ ಪ್ಲಾಕ್‌ಗಳಲ್ಲಿ ನೊರೆಕೋಶಗಳಲ್ಲಿ ಅರ್ಧದಷ್ಟರ ಮೇಲೆ ನಯ ಸ್ನಾಯುವಿನ ಗುರುತು ಸಿಕ್ಕಿದೆ. ನೊರೆಕೋಶ ಅಂದರೆ ಮ್ಯಾಕ್ರೋಫೇಜ್ ಅಂತ ಮಾತ್ರ ಓದಿದವರಿಗೆ ಇದು ಆಶ್ಚರ್ಯ.

ಬೆಳವಣಿಗೆ ಒಂದೇ ಸಮನೆ ನಡೆಯುವುದೂ ಅಲ್ಲ. ಪ್ಲಾಕ್ ಒಡೆದು, ಸಣ್ಣ ಹೆಪ್ಪುಗಟ್ಟಿ, ಏನೂ ಗೊತ್ತಾಗದೆ ವಾಸಿಯಾಗುವುದು ಸಾಮಾನ್ಯ. ಪ್ರತಿ ಸಲವೂ ಒಂದು ಹೊಸ ಕೊಲಾಜನ್ ಪದರ ಸೇರಿ ದಾರಿ ಒಂದು ಹೆಜ್ಜೆ ಕಿರಿದಾಗುತ್ತದೆ. ಸ್ಲೈಡಿನಲ್ಲಿ ಈ ಪದರಗಳನ್ನು ಎಣಿಸಬಹುದು. ಪ್ಲಾಕ್ ಒಳಗೆ ಹೊಸದಾಗಿ ಹುಟ್ಟುವ ಸೂಕ್ಷ್ಮ ರಕ್ತನಾಳಗಳು ಗಟ್ಟಿಯಿರುವುದಿಲ್ಲ, ಸೋರುತ್ತವೆ. ಕೆಂಪು ರಕ್ತಕಣಗಳ ಪೊರೆಯಲ್ಲೇ ಕೊಲೆಸ್ಟ್ರಾಲ್ ಜಾಸ್ತಿ. ಹಾಗಾಗಿ ಒಳಗೆ ಒಂದು ಸಣ್ಣ ರಕ್ತಸ್ರಾವ ಆದರೆ ಕೋರ್ ಒಮ್ಮೆಲೇ ದೊಡ್ಡದಾಗುತ್ತದೆ.

ಎಲ್ಲ ಅಟ್ಯಾಕ್ ಒಡೆಯುವುದರಿಂದಲೂ ಅಲ್ಲ. ಸುಮಾರು ಮೂರನೇ ಒಂದು ಭಾಗದಲ್ಲಿ ಮುಚ್ಚಳ ಗಟ್ಟಿಯಾಗಿಯೇ ಇರುತ್ತದೆ, ಮೇಲಿನ ಎಂಡೋಥೀಲಿಯಮ್ ಮಾತ್ರ ಸವೆದುಹೋಗಿರುತ್ತದೆ. ಅಲ್ಲಿ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ತಮ್ಮ ಡಿಎನ್‌ಎಯನ್ನೇ ಬಲೆಯಾಗಿ ಬಿಡುತ್ತವೆ, ಹೆಪ್ಪು ಅದರ ಮೇಲೆ ಕಟ್ಟುತ್ತದೆ.

ಅಡ್ಡಪ್ರಶ್ನೆ

ಎಲ್ಲ ಓದಿದೆ. ನನಗೆ ಅನಿಸುವುದನ್ನು ನೇರವಾಗಿ ಹೇಳುತ್ತೇನೆ. ನೀವೇ ಬರೆದದ್ದನ್ನು ನೋಡಿದರೆ ಇದು ಪೂರ್ತಿ ಉರಿಯೂತದ ಕಾಯಿಲೆ. ಕೊಲೆಸ್ಟ್ರಾಲ್ ಕೋಶಗಳಿಗೆ ಬೇಕಾದ ವಸ್ತು, ಗೋಡೆಗೆ ಗಾಯವಾದಾಗ ದುರಸ್ತಿಗೆ ಬಂದದ್ದು, ಅದನ್ನು ಅಪರಾಧಿ ಮಾಡಿ ಔಷಧ ಕೊಡುತ್ತಿದ್ದಾರೆ ಅಂತ ಬಹಳ ಜನ ಹೇಳುತ್ತಾರೆ. ಅಟ್ಯಾಕ್ ಆದ ಅನೇಕರ ಎಲ್‌ಡಿಎಲ್ ನಾರ್ಮಲ್ ಇರುತ್ತದೆ. ಇದಕ್ಕೆ ಏನು ಹೇಳುತ್ತೀರಿ?

ತಾಳೆನೋಡು

ಈ ಮಾತು ಎಷ್ಟು ಜನರ ಔಷಧ ನಿಲ್ಲಿಸಿದೆ ಅಂತ ಯೋಚಿಸಿದರೆ ಬೇಸರವಾಗುತ್ತದೆ, ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಉರಿಯೂತ ಇದೆ, ನಿಜ. ಅದರಿಂದ ಎಲ್‌ಡಿಎಲ್ ನಿರಪರಾಧಿ ಆಗುವುದಿಲ್ಲ.

ಹುಟ್ಟಿನಿಂದಲೇ ಎಲ್‌ಡಿಎಲ್ ರಿಸೆಪ್ಟರ್ ಜೀನಿನ ಎರಡೂ ಪ್ರತಿ ಕೆಟ್ಟಿರುವ ಮಕ್ಕಳಿದ್ದಾರೆ. ಅವರ ಎಲ್‌ಡಿಎಲ್ ಚಿಕಿತ್ಸೆ ಇಲ್ಲದೆ 500 ಮಿಲಿಗ್ರಾಂ ದಾಟುವುದುಂಟು, ಬಾಲ್ಯದಲ್ಲೇ, ಹದಿಹರೆಯದಲ್ಲೇ ಹಾರ್ಟ್ ಅಟ್ಯಾಕ್ ಆಗುತ್ತದೆ. ಅವರು ಸಿಗರೇಟ್ ಸೇದಿಲ್ಲ, ಬಿಪಿ ಇಲ್ಲ, ಶುಗರ್ ಇಲ್ಲ. ಇನ್ನೊಂದು ತುದಿಯಲ್ಲಿ ಪಿಸಿಎಸ್‌ಕೆ9 ಜೀನ್ ಕೆಲಸ ಮಾಡದವರಿದ್ದಾರೆ. ಈ ಪ್ರೋಟೀನ್ ಎಲ್‌ಡಿಎಲ್ ರಿಸೆಪ್ಟರನ್ನು ನಾಶಕ್ಕೆ ಕಳಿಸುತ್ತದೆ. ಅದು ಇಲ್ಲದಿದ್ದರೆ ಯಕೃತ್ತಿನ ಮೇಲೆ ರಿಸೆಪ್ಟರ್ ಜಾಸ್ತಿ ಉಳಿಯುತ್ತವೆ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಇಂಥ ಬದಲಾವಣೆ ಇದ್ದ ಕಪ್ಪು ಜನಾಂಗದವರ ಎಲ್‌ಡಿಎಲ್ ಬರೀ 28% ಕಡಿಮೆ ಇತ್ತು. ಹೃದಯದ ಅಪಧಮನಿ ಕಾಯಿಲೆ 88% ಕಡಿಮೆ. ಇವರಿಗೆ ಯಾರೂ ಔಷಧ ಕೊಟ್ಟಿರಲಿಲ್ಲ. ಹುಟ್ಟಿದ ದಿನದಿಂದ ಗೋಡೆಯೊಳಗೆ ಕಡಿಮೆ ಕಣ ಹೋಗಿದ್ದವು ಅಷ್ಟೇ.

ವರ್ಷಗಳ ಲೆಕ್ಕ ಬಹಳ ಮುಖ್ಯ. 1953ರಲ್ಲಿ ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯ ಪರೀಕ್ಷೆ ಪ್ರಕಟವಾಯಿತು. ಸರಾಸರಿ ವಯಸ್ಸು 22, ಸುಮಾರು 77% ಜನರ ಹೃದಯದ ಅಪಧಮನಿಯಲ್ಲಿ ಕಾಯಿಲೆಯ ಗುರುತು ಬರಿಗಣ್ಣಿಗೆ ಕಾಣುವಂತಿತ್ತು. 55ರಲ್ಲಿ ಅಟ್ಯಾಕ್ ಆದವರ ಎಲ್‌ಡಿಎಲ್ ಆ ದಿನ ಎಷ್ಟಿತ್ತು ಅನ್ನುವುದು ಮೂವತ್ತು ವರ್ಷಗಳ ಕಥೆ ಹೇಳುವುದಿಲ್ಲ. ಮೇಲಾಗಿ ಲ್ಯಾಬ್ ರಿಪೋರ್ಟಿನ 'ನಾರ್ಮಲ್' ಅಂದರೆ ಅಷ್ಟು ಜನರಲ್ಲಿ ಸಾಮಾನ್ಯ ಅಂತ ಮಾತ್ರ, ಗೋಡೆಗೆ ತೊಂದರೆ ಇಲ್ಲ ಅಂತಲ್ಲ.

ಉರಿಯೂತದ ಪಾತ್ರಕ್ಕೆ ಮನುಷ್ಯರಲ್ಲಿ ಒಳ್ಳೆಯ ಸಾಕ್ಷಿ 2017ರ ಕ್ಯಾಂಟೋಸ್ ಪರೀಕ್ಷೆ. ಮೊದಲು ಅಟ್ಯಾಕ್ ಆಗಿದ್ದ, ಸಿಆರ್‌ಪಿ 2 ಅಥವಾ ಅದಕ್ಕಿಂತ ಜಾಸ್ತಿ ಇದ್ದ 10,061 ಜನ. ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಕನಾಕಿನುಮ್ಯಾಬ್ ಕೊಟ್ಟರು. ಎಲ್‌ಡಿಎಲ್ ಒಂಚೂರೂ ಇಳಿಯಲಿಲ್ಲ, ಆದರೂ 150 ಮಿಲಿಗ್ರಾಂ ಗುಂಪಿನಲ್ಲಿ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಸೇರಿ 15% ಕಡಿಮೆಯಾಯಿತು. ಜೊತೆಗೆ ಸೋಂಕಿನಿಂದ ಸಾವು ಸ್ವಲ್ಪ ಜಾಸ್ತಿಯಾಯಿತು. ನಾರುಬೇರು ಅವರು ಬರೆದ ಆ ಹರಳಿನ ಸರಪಳಿ ಮನುಷ್ಯರಲ್ಲೂ ನಿಜ ಅಂತ ಇದು ತೋರಿಸಿತು. ಗಮನಿಸಿ, ಈ ಜನರೆಲ್ಲ ಬಹುಪಾಲು ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್ ಔಷಧ ತೆಗೆದುಕೊಳ್ಳುತ್ತಲೇ ಇದ್ದವರು. ಎರಡೂ ದಾರಿ ಒಂದೇ ಕಾಯಿಲೆಯೊಳಗೆ ಇವೆ, ಒಂದನ್ನು ಹಿಡಿದು ಇನ್ನೊಂದನ್ನು ಅಲ್ಲಗಳೆಯುವ ಅಗತ್ಯವೇ ಇಲ್ಲ.

ಉರಿಯೂತ ತಗ್ಗಿಸುವ ಅಗ್ಗದ ಔಷಧ ಕೋಲ್ಚಿಸಿನ್ ಕೂಡ ಪರೀಕ್ಷೆಯಾಗಿದೆ. 2020ರ ಲೋಡೋಕೋ2 ಪರೀಕ್ಷೆಯಲ್ಲಿ 5,522 ಜನ, ಅಟ್ಯಾಕ್‌ನಂಥ ಘಟನೆಗಳು 31% ಕಡಿಮೆ. 2024ರಲ್ಲಿ ಅಟ್ಯಾಕ್ ಆದ ಕೂಡಲೇ ಶುರು ಮಾಡಿದ ದೊಡ್ಡ ಪರೀಕ್ಷೆಯಲ್ಲಿ ಪ್ರಯೋಜನ ಕಾಣಲಿಲ್ಲ. ಆದ್ದರಿಂದ ಯಾರೂ ಇದನ್ನು ಓದಿ ತಾವೇ ತೆಗೆದುಕೊಳ್ಳಬೇಡಿ. ಕಿಡ್ನಿ ತೊಂದರೆ ಇದ್ದರೆ, ಕ್ಲಾರಿಥ್ರೋಮೈಸಿನ್ ಥರದ ಔಷಧದ ಜೊತೆ ಸೇರಿದರೆ, ಇದು ಪ್ರಾಣಕ್ಕೇ ಅಪಾಯ.

ಅಡ್ಡಪ್ರಶ್ನೆ

ಪಿಸಿಎಸ್‌ಕೆ9 ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹುಟ್ಟಿನಿಂದ ಬಂದ ಜೀನ್ ಅಂದಮೇಲೆ ಬೇರೆ ಕಾರಣ ಹುಡುಕುವುದು ಕಷ್ಟ. ಒಂದು ಕೇಳಬೇಕು, ಎಚ್‌ಡಿಎಲ್ ಏರಿಸಿದರೆ ಸಾಕಲ್ವಾ? ಮತ್ತೆ ವಯಸ್ಸಾದವರಲ್ಲೇ ಉರಿಯೂತ ಜಾಸ್ತಿ ಯಾಕೆ?

ತಾಳೆನೋಡು

ಎಚ್‌ಡಿಎಲ್ ಏರಿಸಿ ನೋಡಿದ್ದಾರೆ. ಟಾರ್ಸೆಟ್ರಾಪಿಬ್ ಅನ್ನುವ ಔಷಧ ಎಚ್‌ಡಿಎಲ್ ಚೆನ್ನಾಗಿ ಏರಿಸಿತು, ಸಾವುಗಳು ಜಾಸ್ತಿಯಾಗಿ 2006ರಲ್ಲಿ ಪರೀಕ್ಷೆ ನಿಲ್ಲಿಸಿದರು. ಹುಟ್ಟಿನಿಂದ ಎಚ್‌ಡಿಎಲ್ ಜಾಸ್ತಿ ಮಾಡುವ ಜೀನ್ ಇದ್ದವರಿಗೂ ಅಟ್ಯಾಕ್ ಕಡಿಮೆ ಕಾಣಲಿಲ್ಲ.

ವಯಸ್ಸಿನ ವಿಷಯ ನನಗೆ ಬಹಳ ಇಷ್ಟದ್ದು. ಮೂಳೆ ಮಜ್ಜೆಯ ಒಂದು ಕಾಂಡಕೋಶದಲ್ಲಿ ಟಿಇಟಿ2, ಡಿಎನ್‌ಎಂಟಿ3ಎ, ಜೆಎಕೆ2 ಥರದ ಜೀನಿನಲ್ಲಿ ಬದಲಾವಣೆಯಾಗುತ್ತದೆ. ಆ ಕೋಶದ ಸಂತಾನ ನಿಧಾನವಾಗಿ ಹೆಚ್ಚುತ್ತದೆ. 70 ದಾಟಿದವರಲ್ಲಿ 10ರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಲ್ಲಿ ಇದು ಇದೆ, ರಕ್ತದ ಕ್ಯಾನ್ಸರ್ ಇಲ್ಲದೆಯೇ. ಇಂಥವರಿಗೆ ಹೃದಯದ ಅಪಧಮನಿ ಕಾಯಿಲೆಯ ಅಪಾಯ ಸುಮಾರು ಎರಡು ಪಟ್ಟು ಅಂತ 2017ರಲ್ಲಿ ಗೊತ್ತಾಯಿತು. ಟಿಇಟಿ2 ಇಲ್ಲದ ಮ್ಯಾಕ್ರೋಫೇಜ್ ಇಂಟರ್‌ಲ್ಯೂಕಿನ್-1 ಬೀಟಾವನ್ನು ಜಾಸ್ತಿ ಬಿಡುತ್ತದೆ. ಮತ್ತೆ ಅದೇ ಸರಪಳಿ.

ಇನ್ನು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಅಟ್ಯಾಕ್ ಆದವರಿದ್ದು ಎಲ್‌ಡಿಎಲ್ ಅಷ್ಟೇನೂ ಇಲ್ಲ ಅಂದರೆ ಲಿಪೋಪ್ರೋಟೀನ್-ಎ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು. ಅದೂ ಅಪೋ-ಬಿ ಹೊತ್ತ ಕಣವೇ, ಆಕ್ಸಿಡೈಸ್ ಆದ ಫಾಸ್ಫೊಲಿಪಿಡ್ ಜಾಸ್ತಿ ಹೊರುತ್ತದೆ, ಮಟ್ಟ ಬಹುಪಾಲು ಜೀನ್‌ನಿಂದಲೇ ತೀರ್ಮಾನವಾಗುತ್ತದೆ. 50 ಮಿಲಿಗ್ರಾಂ ದಾಟಿದರೆ ಅಪಾಯ ಜಾಸ್ತಿ ಅಂತ ಲೆಕ್ಕ.

ಬೆಳಗುಗಣ್ಣು

ಎಲ್ಲರಿಗೂ ಮನಸಾರೆ ಧನ್ಯವಾದ. ಕೊನೆಯದಾಗಿ ಒಂದು. ಆದದ್ದು ಹಿಂದಕ್ಕೆ ಹೋಗುತ್ತದಾ? ಸ್ಟ್ಯಾಟಿನ್ ತೆಗೆದುಕೊಂಡರೆ ಸಿಟಿ ಸ್ಕ್ಯಾನಿನಲ್ಲಿ ಕ್ಯಾಲ್ಸಿಯಂ ಸ್ಕೋರ್ ಏರುತ್ತದೆ ಅಂತ ಓದಿ ಗಾಬರಿಯಾಯಿತು.

ಸೂಕ್ಷ್ಮದರ್ಶಿ

ಗಾಬರಿ ಬೇಡ. ಸುಣ್ಣ, ಅಂದರೆ ಆ ಕ್ಯಾಲ್ಸಿಯಂ, ಎರಡು ಥರ. ತೆಳು ಮುಚ್ಚಳದೊಳಗೆ ಹರಡಿದ ಸೂಕ್ಷ್ಮ ಕಣಗಳಾದರೆ ಸುತ್ತಲಿನ ಎಳೆತ ಜಾಸ್ತಿಯಾಗಿ ಹರಿಯುವ ಅಪಾಯ. ದಟ್ಟವಾದ ಹಾಳೆಯಾಗಿ ಕೂತರೆ ಪ್ಲಾಕ್ ಸಾಮಾನ್ಯವಾಗಿ ಗಟ್ಟಿ. ಸ್ಟ್ಯಾಟಿನ್ ಕೊಬ್ಬನ್ನು ಕಡಿಮೆ ಮಾಡಿ ಉಳಿದದ್ದನ್ನು ಎರಡನೆಯ ಕಡೆಗೆ ತಳ್ಳುತ್ತದೆ, ಅದಕ್ಕೇ ಸ್ಕೋರ್ ಏರಿದರೂ ಅಟ್ಯಾಕ್ ಇಳಿಯುತ್ತದೆ.

ಗಾತ್ರ ಹಿಂದಕ್ಕೆ ಹೋಗುತ್ತದೆ, ಆದರೆ ಸ್ವಲ್ಪವೇ. 2016ರ ಗ್ಲಾಗೋವ್ ಹೆಸರಿನ ಪರೀಕ್ಷೆಯಲ್ಲಿ ಸ್ಟ್ಯಾಟಿನ್ ಜೊತೆ ಪಿಸಿಎಸ್‌ಕೆ9 ತಡೆಯುವ ಎವೊಲೊಕುಮ್ಯಾಬ್ ಕೊಟ್ಟು ಎಲ್‌ಡಿಎಲ್ 37 ಮಿಲಿಗ್ರಾಂ ಆಸುಪಾಸಿಗೆ ಇಳಿಸಿದರು, ನಾಳದಲ್ಲಿ ಪ್ಲಾಕ್‌ನ ಪಾಲು 0.95 ಶೇಕಡಾಂಶ ಇಳಿಯಿತು. ಅಷ್ಟೇನಾ ಅನಿಸಬಹುದು. ಆದರೆ ಮುಚ್ಚಳವನ್ನು ನೋಡಿ. ಅಟ್ಯಾಕ್ ಆದವರಲ್ಲಿ ಅದೇ ಔಷಧ ಕೊಟ್ಟು, ನಾಳದೊಳಗೆ ಬೆಳಕಿನ ಕ್ಯಾಮೆರಾ ಇಳಿಸಿ ಅಳೆದ ಹ್ಯೂಜೆನ್ಸ್ ಪರೀಕ್ಷೆಯಲ್ಲಿ ಒಂದು ವರ್ಷದೊಳಗೆ ಅತಿ ತೆಳು ಜಾಗದ ದಪ್ಪ 42.7 ಮೈಕ್ರಾನ್ ಹೆಚ್ಚಿತು. ಸ್ಟ್ಯಾಟಿನ್ ಮಾತ್ರ ತೆಗೆದುಕೊಂಡವರಲ್ಲೂ 21.5 ಮೈಕ್ರಾನ್. 23 ಮತ್ತು 65ರ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಿ. ಆಂಜಿಯೋಗ್ರಾಮಿನಲ್ಲಿ ಬ್ಲಾಕ್ ಅಷ್ಟೇ ಇದೆ ಅಂತ ಔಷಧ ನಿಲ್ಲಿಸುವವರಿಗೆ ನಾನು ತೋರಿಸುವುದು ಈ ಅಂಕಿಗಳನ್ನೇ.